ನಾಲ್ಕೇ ತಿಂಗಳಿಗೆ ಯಾಕಮ್ಮಾ ಬಿಟ್ಟೆ?

ನಮ್ಮ ಬೀದಿಯಲ್ಲಿ ಎದೆಮಟ್ಟಕ್ಕಿಂತ ಎತ್ತರದ ಕಾಂಪೌಂಡು ಕಟ್ಟಿಸಿದವರು ಕಡಿಮೆ. ಕರಿಬೇವು, ಹೆಪ್ಪಿಗೆ ಮಜ್ಜಿಗೆ, ಸಿಲಿಂಡರ್ ಗಾಡಿ ಬಂದ ಸುದ್ದಿ, ಯಾರ ಮನೆ ಹುಡುಗನಿಗೆ ಎಲ್ಲಿ ಕೆಲಸ ಸಿಕ್ಕಿತು ಅನ್ನೋದು, ಎಲ್ಲ ಗೋಡೆಯ ಮೇಲಿಂದಲೇ ಹೋಗಿ ಬರುತ್ತವೆ. ಕೆಲಸ ಬಿಟ್ಟ ಸುದ್ದಿ ಮಾತ್ರ ಅಷ್ಟು ಸಲೀಸಾಗಿ ದಾಟಿ ಬರುವುದಿಲ್ಲ. ಪಕ್ಕದ ಮನೆಯಾಕೆ ಅದನ್ನು ಹೇಳುವುದಕ್ಕೆ ಮೊದಲು ಮಳೆ, ತೊಗರಿಬೇಳೆ ರೇಟು, ನಲ್ಲಿ ನೀರು ಎಲ್ಲ ಮಾತಾಡಿ ಮುಗಿಸಿದರು. ಆಮೇಲೆ ದನಿ ತಗ್ಗಿಸಿ, "ಪುಟ್ಟಿ ಬೆಂಗಳೂರಿಂದ ವಾಪಸ್ ಬಂದುಬಿಟ್ಟಿದಾಳೆ ರೀ. ಕೆಲಸ ಬಿಟ್ಟಳಂತೆ. ಸೇರಿ ನಾಲ್ಕೇ ತಿಂಗಳು. ಇನ್ನು ಎಲ್ಲಿಗೆ ಹೋದ್ರೂ ಅದನ್ನೇ ಕೇಳ್ತಾರಲ್ಲ, ಏನಂತ ಹೇಳೋದು?" ಅಂದರು.

ನಾನು ಇಲ್ಲೇ ಮೈಸೂರಿನ ಒಂದು ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿದ್ದು ನಿವೃತ್ತಳಾದವಳು. ಈಗ ಅದನ್ನೇ ಎಚ್‌ಆರ್ ಅನ್ನುತ್ತಾರೆ. ಸಂದರ್ಶನದ ಮೇಜಿನ ಆ ಕಡೆ ಕೂತು ಬಹಳ ಮಕ್ಕಳ ಮುಖ ನೋಡಿದ್ದೇನೆ. ಅದಕ್ಕೇ ಆಕೆ ನನ್ನನ್ನು ಕೇಳಿದ್ದು. ಅಷ್ಟು ಹೊತ್ತಿಗೆ ಅವರ ಮನೆಯಲ್ಲಿ ಉತ್ತರಗಳು ತಯಾರಾಗಿಬಿಟ್ಟಿದ್ದವು. ಅಪ್ಪ ಹೇಳಿದ್ದು, ಆ ಕೆಲಸದ ವಿಷಯ ಎತ್ತಲೇಬೇಡ, ಮನೆಯಲ್ಲಿ ಕೂತು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ ಅನ್ನು ಅಂತ. ಸಾಫ್ಟ್‌ವೇರಿನಲ್ಲಿರುವ ದೊಡ್ಡಮ್ಮನ ಮಗ ಹೇಳಿದ್ದು, ಪ್ರಾಜೆಕ್ಟ್ ಮುಗಿಯಿತು ಅನ್ನು ಅಂತ. ಸೋದರಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಜ್ಜಿಗೆ ಹುಷಾರಿರಲಿಲ್ಲ, ನೋಡಿಕೊಳ್ಳೋಕೆ ಬಂದೆ ಅನ್ನು ಅಂದಿದ್ದರು. ಅಜ್ಜಿ ಆಗ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಮೂವರೂ ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರೂ ಸುಳ್ಳು. ಆ ನಾಲ್ಕು ತಿಂಗಳಿಂದ ಅವಳಿಗೆ ಆಗುವ ತೊಂದರೆಗಿಂತ ಈ ಸುಳ್ಳುಗಳಿಂದ ಆಗುವ ತೊಂದರೆ ದೊಡ್ಡದು. ಇದನ್ನು ನೀತಿಪಾಠ ಅಂತ ಹೇಳುತ್ತಿಲ್ಲ. ಕಂಪನಿಗಳು ಕಾಗದಪತ್ರ ಹೇಗೆ ನೋಡುತ್ತವೆ ಅಂತ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ಅದಕ್ಕೆ ಮೊದಲು ಅವಳು ಬಿಟ್ಟ ಕೆಲಸ ಎಂಥದ್ದು ಅಂತ ಹೇಳಬೇಕು.

ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಕ್ಯಾಂಪಸ್ಸಿಗೆ ಬಂದ ಕಂಪನಿ ಮಕ್ಕಳಿಗೆ ಮೊಬೈಲಿನಲ್ಲಿ ಪಾಠ ಹೇಳುವ ಆ್ಯಪಿನದು. ಹುದ್ದೆಯ ಹೆಸರು ಬಿಸಿನೆಸ್ ಡೆವಲಪ್‌ಮೆಂಟ್. ಹೆಸರು ಕೇಳಿದರೆ ಏನೋ ದೊಡ್ಡದು ಅನ್ನಿಸುತ್ತದೆ. ಸಂಬಳವೂ ಅವಳ ಕ್ಲಾಸಿನ ಉಳಿದವರಿಗಿಂತ ಹೆಚ್ಚು ಅಂತ ಹೇಳಿದ್ದರು, ಅದರಲ್ಲಿ ಅರ್ಧದಷ್ಟು ಟಾರ್ಗೆಟ್ ಮುಟ್ಟಿದರೆ ಮಾತ್ರ ಕೈಗೆ ಬರುವುದು ಅಂತ ಆಫರ್ ಲೆಟರಿನ ಎರಡನೇ ಪುಟದಲ್ಲಿತ್ತು. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಬೆಳಗ್ಗೆಯಿಂದ ರಾತ್ರಿಯವರೆಗೆ ಫೋನು ಮಾಡಿ ಕೋರ್ಸು ಮಾರುವುದೇ ಕೆಲಸ. ಕಂಪ್ಯೂಟರು ನಂಬರು ಒತ್ತುತ್ತದೆ, ಇವಳು ಮಾತಾಡಬೇಕು. ದಿನಕ್ಕೆ ಇಷ್ಟು ಗಂಟೆ ಟಾಕ್ ಟೈಮ್ ಆಗಲೇಬೇಕು. ಯಾರೂ ಫೋನು ಎತ್ತದಿದ್ದರೆ ಅದು ಲೆಕ್ಕಕ್ಕಿಲ್ಲ.

ಅವಳು ಗೋಡೆ ಹತ್ತಿರ ಬಂದು ನಿಂತು ಒಂದು ಫೋನಿನ ಕಥೆ ಹೇಳಿದಳು. ಆ ಕಡೆ ಇದ್ದದ್ದು ಚಾಮರಾಜನಗರದ ಕಡೆಯ ಒಬ್ಬ ಟೈಲರು. ಮಗಳು ಏಳನೇ ಕ್ಲಾಸು. ಕೋರ್ಸಿನ ದುಡ್ಡು ಒಟ್ಟಿಗೆ ಕಟ್ಟೋಕೆ ಆಗಲ್ಲ ಅಂದರು ಅವರು. ಸಾಲ ಮಾಡಿಸಿಕೊಡುತ್ತೇವೆ, ತಿಂಗಳು ತಿಂಗಳು ಇಎಂಐ ಹೋಗುತ್ತದೆ ಅನ್ನಬೇಕು ಅಂತ ಇವಳ ಮುಂದಿನ ಪರದೆಯ ಮೇಲೆ ಬರೆದಿತ್ತು. ಹಾಗೇ ಅಂದಳು. ಹಿಂದೆ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತಂತೆ, ಅದು ನಿಂತಿತು. "ಅಕ್ಕಾ, ಇದು ಕಟ್ಟಿದ್ರೆ ನನ್ನ ಮಗಳು ಡಾಕ್ಟರ್ ಆಗ್ತಾಳಾ?" ಅಂತ ಕೇಳಿದರು. ಪರದೆಯ ಮೇಲೆ ಅದಕ್ಕೂ ಉತ್ತರ ಇತ್ತು. ಇವಳ ಬಾಯಲ್ಲಿ ಅದು ಬರಲಿಲ್ಲ. ಟೀಮ್ ಲೀಡರು ಫೋನನ್ನು ತನ್ನ ಕಡೆ ಎಳೆದುಕೊಂಡು ಮಾತು ಮುಂದುವರಿಸಿದರು. ಅವತ್ತು ರಾತ್ರಿ ಪಿಜಿಯಲ್ಲಿ ಊಟ ಸೇರಲಿಲ್ಲ ಅಂದಳು.

ಅಂಥ ಕೆಲಸ ಚೆನ್ನಾಗಿ ಮಾಡುವವರು ಇದ್ದಾರೆ, ಪ್ರಾಮಾಣಿಕವಾಗಿ ಮಾಡುವವರೂ ಇದ್ದಾರೆ. ಮಾರಾಟ ಅನ್ನುವುದೇ ಕೀಳು ಅಂತ ನಾನು ಒಪ್ಪುವುದಿಲ್ಲ. ಆದರೆ ಇವಳ ಓದಿಗೂ ಆ ಕೆಲಸಕ್ಕೂ ಸಂಬಂಧ ಇರಲಿಲ್ಲ, ಇವಳ ಸ್ವಭಾವಕ್ಕೂ ಇರಲಿಲ್ಲ. ಅಳತೆ ತೆಗೆದುಕೊಳ್ಳದೆ ಹೊಲಿದುಕೊಟ್ಟ ರವಿಕೆ ಅದು. ತೊಟ್ಟವಳು ಉಸಿರು ಬಿಗಿಹಿಡಿದು ಎಷ್ಟು ದಿನ ಓಡಾಡುತ್ತಾಳೆ? ಇಂಥ ಮಾರಾಟದ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರಿನಲ್ಲಿ ತಂದೆತಾಯಿಗಳಿಗೆ ಎಚ್ಚರಿಕೆ ಹೇಳಿತ್ತು. ಬ್ಯಾಂಕ್ ಖಾತೆಯಿಂದ ತಾನಾಗಿಯೇ ದುಡ್ಡು ಕಡಿತವಾಗುವ ಏರ್ಪಾಡಿಗೆ ಕಣ್ಣು ಮುಚ್ಚಿ ಒಪ್ಪಬೇಡಿ, ಗೊತ್ತಿಲ್ಲದೆ ಸಾಲಕ್ಕೆ ಸಹಿ ಹಾಕಬೇಡಿ ಅಂತ. ಸರ್ಕಾರವೇ ಅಷ್ಟು ಹೇಳಬೇಕಾಗಿ ಬಂದ ಮೇಲೆ, ಇಪ್ಪತ್ತೆರಡರ ಹುಡುಗಿಗೆ ಗಂಟಲು ಕಟ್ಟಿದ್ದು ಸೋಮಾರಿತನ ಹೇಗಾಗುತ್ತದೆ?

ಆದರೂ ನಮ್ಮಲ್ಲಿ ಕೆಲಸ ಬಿಟ್ಟವರನ್ನು ನೋಡುವ ಕಣ್ಣೇ ಬೇರೆ. ಅಪ್ಪಂದಿರ ಕಾಲ ಹಾಗಿತ್ತು. ಎಚ್‌ಎಂಟಿ, ಬಿಇಎಂಎಲ್, ಬಿಇಎಲ್, ರೈಲ್ವೆ ವರ್ಕ್‌ಶಾಪ್, ಎಲ್ಲಿ ಸೇರಿದರೆ ಅಲ್ಲೇ ಹಾರ ಹಾಕಿಸಿಕೊಂಡು ಹೊರಗೆ ಬರುವುದು. ಮಧ್ಯದಲ್ಲಿ ಬಿಟ್ಟರೆ ಏನೋ ಎಡವಟ್ಟು ಮಾಡಿಕೊಂಡಿರಬೇಕು ಅಂತಲೇ ಅರ್ಥ. ಆ ಲೆಕ್ಕ ಈಗ ನಡೆಯುವುದಿಲ್ಲ, ಆದರೆ ಮಾತು ಉಳಿದುಕೊಂಡಿದೆ. "ಒಂದ್ ಕಡೆ ನಿಲ್ಲಲ್ಲ" ಅನ್ನುತ್ತಾರೆ. ಮದುವೆ ಮಾತು ಬಂದಾಗಲೂ ಅದನ್ನೇ ಎತ್ತುತ್ತಾರೆ ಅಂತ ಪಕ್ಕದ ಮನೆಯಾಕೆಗೆ ಒಳಗೊಳಗೇ ಭಯ.

ಎಷ್ಟು ಜನ ಹೀಗೆ ಬಿಡುತ್ತಾರೆ ಅನ್ನುವುದಕ್ಕೆ ಒಂದು ಲೆಕ್ಕ ಹೇಳಿದೆ ಆಕೆಗೆ. ಪಿಎಫ್ ಜೊತೆಗೆ ಪೆನ್ಷನ್ ಸ್ಕೀಮು ಅಂತ ಒಂದಿದೆಯಲ್ಲ, 1995ರದ್ದು, ಅದರಲ್ಲಿ ಆರು ತಿಂಗಳಿಗಿಂತ ಕಡಿಮೆ ಕೆಲಸ ಮಾಡಿದವರಿಗೆ ದುಡ್ಡು ವಾಪಸ್ ಸಿಗುತ್ತಿರಲಿಲ್ಲ. 2024ರ ಜೂನಿನಲ್ಲಿ ಕೇಂದ್ರ ಸರ್ಕಾರ ಆ ನಿಯಮ ಬದಲಾಯಿಸಿತು, ಆರು ತಿಂಗಳು ತುಂಬದವರಿಗೂ ಸಿಗುತ್ತದೆ ಅಂತ. ಇದರಿಂದ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಅನುಕೂಲವಾಗುತ್ತದೆ ಅಂತ ಸರ್ಕಾರವೇ ಹೇಳಿತು. ಅಂದರೆ ಪಿಎಫ್ ಲೆಕ್ಕದಲ್ಲಿ ಇರುವವರೇ ಪ್ರತಿ ವರ್ಷ ಲಕ್ಷಗಟ್ಟಲೆ ಜನ ಅರ್ಧ ವರ್ಷ ತುಂಬುವುದರೊಳಗೆ ಕೆಲಸ ಬಿಟ್ಟಿರುತ್ತಾರೆ. "ನಿಮ್ಮ ಮಗಳು ಒಬ್ಬಳೇ ಅಲ್ಲ ಕಣ್ರೀ" ಅಂದೆ. ಆಕೆಯ ಮುಖ ಸ್ವಲ್ಪ ತಿಳಿಯಾಯಿತು.

ಇನ್ನು ಮುಚ್ಚಿಡುವ ವಿಷಯ. ಮೊದಲೆಲ್ಲ ಅದು ನಡೆಯುತ್ತಿತ್ತು. ಒಂದು ಊರಿನ ಕಂಪನಿಯಲ್ಲಿ ಮೂರು ತಿಂಗಳು ಮಾಡಿ ಬಿಟ್ಟದ್ದು ಇನ್ನೊಂದು ಊರಿನವರಿಗೆ ತಿಳಿಯಬೇಕಾದರೆ ಯಾರಾದರೂ ಬಂದು ಹೇಳಬೇಕಿತ್ತು. ಆಮೇಲೆ 2014ರಲ್ಲಿ ಪಿಎಫ್ ಸದಸ್ಯರಿಗೆ ಯುಎಎನ್ ಬಂತು. ಹನ್ನೆರಡು ಅಂಕಿಯ ನಂಬರು. ಕಂಪನಿ ಬದಲಾದರೂ ನಂಬರು ಬದಲಾಗುವುದಿಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಪಿಎಫ್ ಕಟ್ಟಲೇಬೇಕು, ಕಟ್ಟಿದ ಮೊದಲ ತಿಂಗಳಿಂದಲೇ ಆ ಕಂಪನಿಯ ಹೆಸರು ಇವಳ ನಂಬರಿಗೆ ಅಂಟಿಕೊಂಡಿತು. ಪೋರ್ಟಲಿನಲ್ಲಿ ಸರ್ವೀಸ್ ಹಿಸ್ಟರಿ ಅಂತ ಒಂದು ಪುಟ ಇದೆ. ಸೇರಿದ ತಾರೀಖು, ಬಿಟ್ಟ ತಾರೀಖು ಎರಡೂ ಅಲ್ಲಿ ಸಾಲಾಗಿ ಕಾಣುತ್ತವೆ. ಹೊಸ ಕಂಪನಿ ಸೇರಿಸಿಕೊಳ್ಳುವಾಗ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಆ ಪುಟವನ್ನೇ ಕೇಳುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ, ಪ್ರತಿಸ್ಪರ್ಧಿ ಕಂಪನಿಗಳಲ್ಲೂ ಒಟ್ಟೊಟ್ಟಿಗೆ ಕೆಲಸ ಮಾಡುತ್ತಿದ್ದ 300 ಜನ ಸಿಕ್ಕಿಬಿದ್ದರು, ಅವರನ್ನು ತೆಗೆದಿದ್ದೇವೆ ಅಂತ ಹೇಳಿದ್ದು ನೆನಪಿರಬಹುದು. ಅಲ್ಲಿಂದ ಈಚೆಗೆ ತಾರೀಖುಗಳನ್ನು ಎಲ್ಲ ಕಡೆಯೂ ಹತ್ತಿರದಿಂದ ನೋಡುತ್ತಾರೆ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೆ ಅಂದವಳ ಪುಟದಲ್ಲಿ ನಾಲ್ಕು ತಿಂಗಳ ಪಿಎಫ್ ಕಂಡರೆ ಏನಾಗುತ್ತದೆ? ಆಗ ಕೆಲಸ ಯಾಕೆ ಬಿಟ್ಟಳು ಅನ್ನುವುದು ಯಾರಿಗೂ ಬೇಕಾಗಿರುವುದಿಲ್ಲ. ಯಾಕೆ ಮುಚ್ಚಿಟ್ಟಳು ಅನ್ನುವುದೊಂದೇ ಉಳಿಯುತ್ತದೆ. ಸೇರಿ ಎರಡು ತಿಂಗಳಾದ ಮೇಲೆ ವರದಿ ಬಂದು, ಕೆಲಸ ಚೆನ್ನಾಗಿ ಮಾಡುತ್ತಿದ್ದವರನ್ನೇ ವಾಪಸ್ ಕಳಿಸಿದ್ದನ್ನು ನಾನು ನೋಡಿದ್ದೇನೆ. ಆ ಮಕ್ಕಳು ಮಾಡಿದ ತಪ್ಪು ಏನೂ ದೊಡ್ಡದಲ್ಲ. ಯಾರೋ ಹಿರಿಯರು ಹೇಳಿದ ಬುದ್ಧಿ ಕೇಳಿದ್ದರು, ಅಷ್ಟೇ.

ಇಲ್ಲಿ ಒಂದು ಭೇದ ಇದೆ, ಅದನ್ನು ಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ರೆಸ್ಯೂಮೆ ನಮ್ಮದು. ಅದರಲ್ಲಿ ಏನು ಹಾಕಬೇಕು, ಏನು ಬಿಡಬೇಕು ಅನ್ನುವುದು ನಮ್ಮ ಇಷ್ಟ. ಹತ್ತು ವರ್ಷದ ಅನುಭವ ಇರುವವರು ಹಳೆಯದೊಂದು ಮೂರು ತಿಂಗಳ ಕೆಲಸವನ್ನು ಬಿಟ್ಟರೆ ಅದು ಸುಳ್ಳಲ್ಲ. ಆದರೆ ಕಂಪನಿಯವರು ತಮ್ಮದೇ ಫಾರಂ ಕೊಟ್ಟು, ಈ ಮೊದಲು ಕೆಲಸ ಮಾಡಿದ ಎಲ್ಲ ಕಡೆಯ ವಿವರ ಬರೆಯಿರಿ ಅಂತ ಕೇಳಿ, ಕೆಳಗೆ "ಮೇಲಿನ ವಿಷಯಗಳೆಲ್ಲ ನಿಜ" ಅಂತ ಸಹಿ ಹಾಕಿಸಿಕೊಂಡರೆ, ಅಲ್ಲಿ ಒಂದು ದಿನದ ಕೆಲಸವನ್ನೂ ಬಿಡುವ ಹಾಗಿಲ್ಲ. ಪುಟ್ಟಿಯ ವಿಷಯದಲ್ಲಿ ನಾನು ರೆಸ್ಯೂಮೆಯಲ್ಲೂ ಹಾಕು ಅಂದೆ. ಅವಳಿಗೆ ಇರುವುದೇ ಒಂದು ಕೆಲಸ, ಪಾಸಾಗಿ ತಿಂಗಳುಗಳು ಕಳೆದಿವೆ, ಆ ಜಾಗ ಖಾಲಿ ಬಿಟ್ಟರೆ ಅದೇ ಒಂದು ಪ್ರಶ್ನೆಯಾಗುತ್ತದೆ.

ಅವಳು ಒಂದು ಕೆಲಸ ಸರಿಯಾಗಿ ಮಾಡಿಕೊಂಡು ಬಂದಿದ್ದಳು. ಹೇಳದೆ ಕೇಳದೆ ಬ್ಯಾಗು ಎತ್ತಿಕೊಂಡು ಬಂದಿರಲಿಲ್ಲ. ರಾಜೀನಾಮೆ ಮೇಲ್ ಕಳಿಸಿ, ಪ್ರೊಬೆಷನ್ನಿನ ನೋಟಿಸ್ ಪೀರಿಯಡ್ ಮುಗಿಸಿ, ಲ್ಯಾಪ್‌ಟಾಪು, ಐಡಿ ಕಾರ್ಡು ವಾಪಸ್ ಕೊಟ್ಟು, ಕೊಟ್ಟದ್ದಕ್ಕೆ ಸಹಿ ತೆಗೆದುಕೊಂಡು ಬಂದಿದ್ದಳು. ಇದು ಬಹಳ ಮುಖ್ಯ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದವರ ಹೆಸರಿನ ಮುಂದೆ ಕಂಪನಿಗಳು ಅಬ್‌ಸ್ಕಾಂಡಿಂಗ್ ಅಂತ ಬರೆಯುತ್ತವೆ. ಕಳ್ಳನಿಗೆ ಹಾಕುವ ಪದ ಅದು, ಸಂಕಟಪಟ್ಟು ಮನೆಗೆ ಬಂದ ಮಕ್ಕಳಿಗೆ ಹಾಕುತ್ತಾರೆ. ಮುಂದೆ ಯಾರೇ ವಿಚಾರಿಸಿದರೂ ಆ ಒಂದು ಪದವೇ ಉತ್ತರವಾಗಿ ಹೋಗುತ್ತದೆ. ಎಷ್ಟೇ ಕಷ್ಟವಾದರೂ ಎರಡು ಸಾಲಿನ ರಾಜೀನಾಮೆ ಕಳಿಸಿಯೇ ಹೊರಡಬೇಕು. ಆ ಮೇಲ್‌ನ ಒಂದು ಪ್ರತಿ ಸ್ವಂತ ವಿಳಾಸಕ್ಕೂ ಕಳಿಸಿಕೊಂಡಿರಬೇಕು, ಯಾಕೆಂದರೆ ಆಫೀಸಿನ ಮೇಲ್ ಅವತ್ತೇ ಸಂಜೆ ಬಂದ್ ಆಗುತ್ತದೆ.

ಆದರೆ ರಿಲೀವಿಂಗ್ ಲೆಟರ್ ಬಂದಿರಲಿಲ್ಲ. ಇವತ್ತು ನಾಳೆ ಅನ್ನುತ್ತಿದ್ದರು. ಪಿಎಫ್ ಪುಟದಲ್ಲಿ ಬಿಟ್ಟ ತಾರೀಖೂ ಖಾಲಿ ಇತ್ತು. ಅದು ಖಾಲಿ ಇದ್ದರೆ ಇವಳು ಇನ್ನೂ ಅಲ್ಲೇ ಇದ್ದಾಳೆ ಅಂತ ಕಾಣುತ್ತದೆ. ಹೊಸ ಕಡೆ ಸೇರಿದರೆ ಎರಡು ಕಡೆ ಕೆಲಸ ಮಾಡುವವಳ ಹಾಗೆ ತೋರುತ್ತದೆ, ಹಳೆಯ ದುಡ್ಡು ಹೊಸ ಖಾತೆಗೆ ಬರುವುದೂ ಕಷ್ಟವಾಗುತ್ತದೆ. ಇದಕ್ಕೆ ಕಂಪನಿಯ ಕಾಲು ಹಿಡಿಯಬೇಕಾಗಿಲ್ಲ. 2020ರಿಂದ ಸದಸ್ಯರೇ ಪೋರ್ಟಲಿನಲ್ಲಿ ಆ ತಾರೀಖು ಹಾಕಿಕೊಳ್ಳಬಹುದು. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳು ಆಗಿರಬೇಕು, ಆಧಾರಿಗೆ ಜೋಡಿಸಿದ ಮೊಬೈಲು ಕೈಯಲ್ಲಿರಬೇಕು, ಅಷ್ಟೇ. ತಾರೀಖು ಮಾತ್ರ ನೋಡಿಕೊಂಡು ಹಾಕಬೇಕು, ಒಂದು ಸಲ ಹಾಕಿದರೆ ತಿದ್ದುವುದು ಸುಲಭವಲ್ಲ. ಗೋಡೆಯ ಮೇಲೆ ಫೋನಿಟ್ಟುಕೊಂಡು ಅವಳ ಕೈಯಲ್ಲೇ ಪೋರ್ಟಲು ತೆಗೆಸಿದೆ. ಎರಡು ತಿಂಗಳಾಗಲು ಇನ್ನೂ ದಿನಗಳಿದ್ದವು, ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡಳು. ಬಾಕಿ ಸಂಬಳದ ವಿಷಯಕ್ಕೂ ಈಗ ಒಂದು ಬಲ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಸೋದರಮಾವನಿಗೆ ಬಾಂಡಿನ ಚಿಂತೆ. ಅವಳದ್ದರಲ್ಲಿ ಬಾಂಡು ಇರಲಿಲ್ಲ, ಪುಣ್ಯ. ಆದರೆ ಇರುವ ಮಕ್ಕಳು ಬಹಳ ಜನ ಇದ್ದಾರೆ, ಅದಕ್ಕೆ ಹೇಳುತ್ತೇನೆ. ನಮ್ಮ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನದೇ ಒಂದು ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಮೂರು ವರ್ಷ ಇರಬೇಕು, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಅನ್ನುವ ಷರತ್ತು. ಕರ್ನಾಟಕ ಹೈಕೋರ್ಟು ನೌಕರರ ಪರವಾಗಿ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಆ ಷರತ್ತು ಸರಿ ಅಂದಿತು. ಸರ್ಕಾರಿ ಬ್ಯಾಂಕು ಒಬ್ಬರನ್ನು ಆರಿಸಲು ದೊಡ್ಡ ಪ್ರಕ್ರಿಯೆ ನಡೆಸಬೇಕು, ಮಧ್ಯದಲ್ಲಿ ಬಿಟ್ಟರೆ ಅಷ್ಟೂ ಮತ್ತೆ ಮಾಡಬೇಕು ಅನ್ನುವುದು ಅಲ್ಲಿದ್ದ ಕಾರಣ. ಹಾಗಂತ ಬೀದಿ ಬದಿಯ ಕಂಪನಿ ಬರೆಸಿಕೊಂಡ ಐದು ಲಕ್ಷದ ಬಾಂಡೆಲ್ಲ ಗಟ್ಟಿ ಅಂತ ಅಲ್ಲ. ಆದರೆ ಬಾಂಡೆಂದರೆ ಬರೀ ಕಾಗದ ಅಂತ ಗಾಳಿಗೆ ತೂರುವ ಹಾಗೂ ಇಲ್ಲ. ಸಹಿ ಹಾಕುವುದಕ್ಕೆ ಮುಂಚೆ ಓದಬೇಕು. ಅಸಲು ಮಾರ್ಕ್ಸ್ ಕಾರ್ಡನ್ನು ಮಾತ್ರ ಯಾವ ಕಂಪನಿಯ ಕೈಯಲ್ಲೂ ಬಿಟ್ಟು ಬರಬಾರದು.

ಕಾಗದದ ವಿಷಯ ಸಾಕು. ಮುಖ್ಯವಾದದ್ದು ಬಾಯಲ್ಲಿ ಏನು ಹೇಳುವುದು ಅನ್ನುವುದು. "ಎಲ್ಲಿ, ನನಗೇ ಹೇಳು ನೋಡೋಣ. ನಾಲ್ಕೇ ತಿಂಗಳಿಗೆ ಯಾಕಮ್ಮಾ ಬಿಟ್ಟೆ?" ಅಂದೆ.

ಶುರು ಮಾಡಿದಳು. ಕ್ಯಾಂಪಸ್ಸಿನಲ್ಲಿ ಏನು ಹೇಳಿದರು, ಹೋದ ಮೇಲೆ ಏನಾಯಿತು, ಟೀಮ್ ಲೀಡರ್ ಹೇಗೆ ಬೈದರು, ಟೈಲರು ಏನು ಕೇಳಿದರು, ಪಿಜಿ ಊಟ ಹೇಗಿತ್ತು, ಜೊತೆಗೆ ಸೇರಿದವರಲ್ಲಿ ಎಷ್ಟು ಜನ ಬಿಟ್ಟರು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ತುಂಬಿತು. ಒಂದೂ ಸುಳ್ಳಲ್ಲ. ಆದರೆ ಮೇಜಿನ ಆ ಕಡೆ ಕೂತವರು ಅದನ್ನೆಲ್ಲ ಕೇಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಉಳಿಯುವುದು, ಈ ಹುಡುಗಿ ಹಳೆಯ ಕಂಪನಿಯನ್ನು ಬಯ್ಯುತ್ತಾಳೆ, ನಾಳೆ ನಮ್ಮನ್ನೂ ಬಯ್ಯುತ್ತಾಳೆ ಅನ್ನುವುದು ಮಾತ್ರ. ಇದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೆ ಆ ಮೇಜಿನ ಮೇಲೆ ಒಬ್ಬೊಬ್ಬರಿಗೆ ಸಿಗುವುದು ಕಾಲು ಗಂಟೆ. ಅಷ್ಟರಲ್ಲಿ ಅವರಿಗೆ ಬೇಕಾಗಿರುವುದು ಬೇರೆ.

ಏನು ಬೇಕು ಅಂದರೆ, ಅವರು ಆ ಪ್ರಶ್ನೆ ಕೇಳುವಾಗ ಮನಸ್ಸಿನಲ್ಲಿ ಅಂದುಕೊಳ್ಳುವುದು ಇಷ್ಟೇ. ಈ ಮಗು ಅಲ್ಲಿ ಏನಾದರೂ ತಪ್ಪು ಮಾಡಿ ಹೊರಗೆ ಬಂತೇ? ಕೆಲಸ ಭಾರವಾಯಿತು ಅಂತ ಓಡಿ ಬಂತೇ? ಹಾಗಾದರೆ ಇಲ್ಲಿಂದಲೂ ಓಡಿಹೋಗುತ್ತದೆಯೇ? ನಾನು ಆ ಕುರ್ಚಿಯಲ್ಲಿ ಕೂತಿದ್ದಷ್ಟು ಕಾಲವೂ ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ. ಇದಕ್ಕೆ ಉತ್ತರ ಸಿಕ್ಕಿದರೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆವು. ಯಾರ ಸಂಸಾರದ ಕಥೆಯನ್ನು ಕೆದಕುವ ಆಸೆಯೂ ಇರುತ್ತಿರಲಿಲ್ಲ.

ಹಾಗಾಗಿ ಇಬ್ಬರೂ ಸೇರಿ ಮಾತನ್ನು ಸೋಸಿದೆವು. ಕೊನೆಗೆ ನಿಂತದ್ದು ಇಷ್ಟು. "ಕ್ಯಾಂಪಸ್ಸಿನಿಂದ ಬಿಸಿನೆಸ್ ಡೆವಲಪ್‌ಮೆಂಟ್ ಅಂತ ಸೇರಿದೆ. ಕೆಲಸ ಪೂರ್ತಿ ಫೋನಿನಲ್ಲಿ ಕೋರ್ಸು ಮಾರುವುದಾಗಿತ್ತು. ನನ್ನ ಓದು ಎಲೆಕ್ಟ್ರಾನಿಕ್ಸ್, ಅದರಲ್ಲೇ ಕೆಲಸ ಮಾಡಬೇಕು ಅಂತ ಅಲ್ಲಿ ಖಚಿತವಾಯಿತು. ನಾಲ್ಕು ತಿಂಗಳು ಮಾಡಿ, ನೋಟಿಸ್ ಮುಗಿಸಿ ಬಂದೆ. ನಿಮ್ಮಲ್ಲಿ ಬೋರ್ಡ್ ಟೆಸ್ಟಿಂಗ್ ಕೆಲಸ ಅಂತ ಹಾಕಿದ್ದೀರಿ, ಅದಕ್ಕೇ ಬಂದಿದ್ದೇನೆ." ಇಷ್ಟು ಹೇಳಿ ಸುಮ್ಮನಾಗಬೇಕು. ಈ ಸುಮ್ಮನಾಗುವುದೇ ಕಷ್ಟ. ಎದುರಿಗಿರುವವರು ಒಂದು ಕ್ಷಣ ಮಾತಾಡದೆ ಕಾಗದ ನೋಡಿದರೆ ಸಾಕು, ಮಕ್ಕಳು ಗಾಬರಿಯಾಗಿ ಇನ್ನೊಂದು ಸಮಜಾಯಿಷಿ ಸೇರಿಸುತ್ತಾರೆ, ಅದಕ್ಕೆ ಮತ್ತೊಂದು. ಕೇಳದೇ ಇದ್ದ ಅನುಮಾನ ಆಗ ಹುಟ್ಟುತ್ತದೆ.

"ಟೈಲರ್ ವಿಷಯ ಹೇಳಲೇಬಾರದಾ ಆಂಟಿ?" ಅಂದಳು. ಅವಳಿಗೆ ಅದೇ ನಿಜವಾದ ಕಾರಣ. ಹೇಳಬಾರದು ಅಂತಲ್ಲ. ಅವರಾಗಿ, ಅಲ್ಲಿ ನಿನಗೆ ಏನು ಹಿಡಿಸಲಿಲ್ಲ ಅಂತ ಕೇಳಿದರೆ, ಕಟ್ಟುವ ಶಕ್ತಿ ಇಲ್ಲದವರಿಗೆ ಒತ್ತಾಯ ಮಾಡಿ ಮಾರುವುದು ನನ್ನಿಂದ ಆಗಲಿಲ್ಲ ಅನ್ನು. ಕಂಪನಿಯ ಹೆಸರೆತ್ತಿ ದೂರಬೇಡ, ಟೀಮ್ ಲೀಡರಿನ ಸುದ್ದಿಗೆ ಹೋಗಬೇಡ. ಆ ಒಂದು ಮಾತು ಕೇಳಿ ಅವಳನ್ನು ಬೇಡ ಅನ್ನುವ ಕಂಪನಿ ಇದ್ದರೆ, ಅಲ್ಲಿಗೆ ಅವಳು ಹೋಗದಿರುವುದೇ ಒಳ್ಳೆಯದು. ಇದು ನನ್ನ ಖಚಿತ ಅಭಿಪ್ರಾಯ.

ಆ ನಾಲ್ಕು ತಿಂಗಳು ದಂಡವಾಯಿತು ಅಂತ ಅವಳಮ್ಮ ಮತ್ತೆ ಮತ್ತೆ ಅನ್ನುತ್ತಿದ್ದರು. ಅದನ್ನೂ ನಾನು ಒಪ್ಪಲಿಲ್ಲ. ಕಾಲೇಜಿನಲ್ಲಿ ಪ್ರಾಜೆಕ್ಟ್ ವೈವಾದಲ್ಲಿ ಬಾಯಿ ಬಿಡದ ಹುಡುಗಿ ಈಗ ಗುರುತಿಲ್ಲದವರ ಜೊತೆ ಹೆದರದೆ ಮಾತಾಡುತ್ತಾಳೆ. ಅವತ್ತವತ್ತಿನ ಲೆಕ್ಕ ಅವತ್ತೇ ಶೀಟಿನಲ್ಲಿ ಬರೆದಿಡುವುದು ರೂಢಿಯಾಗಿದೆ. ಕೇಳಿದರೆ ಇದನ್ನೂ ಹೇಳಬಹುದು, ಇದ್ದದ್ದನ್ನು ಇದ್ದ ಹಾಗೆ. ವಾಪಸ್ ಬಂದ ಮೇಲೆ ಏನು ಮಾಡುತ್ತಿದ್ದೀಯ ಅನ್ನುವುದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಕೀಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಸರ್ಕ್ಯೂಟ್ ಬೋರ್ಡ್ ಡಿಸೈನ್ ಮಾಡುವುದನ್ನು ಕಲಿಯುತ್ತಿದ್ದಾಳೆ. ಮಾಡಿದ್ದನ್ನು ತೋರಿಸಿದಳು. ಹಸಿರು ಹಲಗೆಯ ಮೇಲೆ ಕೆಂಪು ನೀಲಿ ಗೆರೆಗಳು, ನನಗೆ ಅದರ ತಲೆಬುಡ ತಿಳಿಯಲಿಲ್ಲ, ಆದರೆ ವಿವರಿಸುವಾಗ ಅವಳ ದನಿಯೇ ಬೇರೆ ಆಗಿತ್ತು. ಮೈಸೂರು, ನಂಜನಗೂಡು ಕಡೆ ಬೋರ್ಡು ತಯಾರಿಸುವ ಕಾರ್ಖಾನೆಗಳು ಇವೆ. ಅಲ್ಲಿ ಮಾತಾಡಬೇಕಾದ ಹುಡುಗಿ ಟಾಕ್ ಟೈಮ್ ಎಣಿಸಿಕೊಂಡು ಕೂತಿದ್ದಳಲ್ಲ ಅಂತ ಸಂಕಟವಾಯಿತು.

ನಮ್ಮ ಊರಿನವರು ಇಂಥ ವಿಷಯಕ್ಕೆ ಮೂಗು ಮುರಿಯಬಾರದು. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅವರು 1930ರಲ್ಲಿ ಬಿ.ಎ. ಮುಗಿಸಿ ಚನ್ನಪಟ್ಟಣದ ಸ್ಕೂಲಿಗೆ ಮೇಷ್ಟ್ರಾಗಿ ಹೋದವರು. ಅಪ್ಪ ಇಲ್ಲೇ ಮಹಾರಾಜಾ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್. ಮಗನೂ ಅದೇ ದಾರಿ ಹಿಡಿದರೆ ಮನೆಯವರಿಗೆ ಸಮಾಧಾನ. ಆದರೆ ಡ್ರಿಲ್ ಮೇಷ್ಟ್ರ ಬದಲಿಗೆ ನೀವು ನಿಲ್ಲಿ ಅಂದದ್ದು ಅವರಿಗೆ ಆಗಿಬರಲಿಲ್ಲ. ಬೇಗನೆ ಬಿಟ್ಟು ಮೈಸೂರಿಗೆ ಬಂದುಬಿಟ್ಟರು. ಮದ್ರಾಸಿನ 'ಜಸ್ಟಿಸ್' ಪತ್ರಿಕೆಗೆ ಸುದ್ದಿ ಕಳಿಸಿ ಕಾಲ ಹಾಕಿದರು. 1935ರಲ್ಲಿ ಮೊದಲ ಕಾದಂಬರಿ ಅಚ್ಚಾಯಿತು. ಡಿ.ವಿ.ಜಿ.ಯವರ ಕಥೆಯೂ ಹಾಗೇ. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಕೋಲಾರದ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲಿ ಕೆಲವು ಕಾಲ, ಬೆಂಗಳೂರಿನಲ್ಲಿ ಜಟಕಾ ಗಾಡಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲಿ ಕೆಲವು ಕಾಲ ಇದ್ದರು. ಅವರು ಸೋಡಾ ಕಾರ್ಖಾನೆಯಲ್ಲೇ ನಿಂತಿದ್ದರೆ ಬಸವನಗುಡಿಯಲ್ಲಿ 1945ರಲ್ಲಿ ಅವರು ಕಟ್ಟಿದ ಗೋಖಲೆ ಸಂಸ್ಥೆ ಎಲ್ಲಿರುತ್ತಿತ್ತು? ಪುಟ್ಟಿ ಅವರಷ್ಟು ದೊಡ್ಡವಳಾಗಬೇಕು ಅಂತ ಇದನ್ನು ಹೇಳಲಿಲ್ಲ. ಹೊಂದದ ಕೆಲಸ ಬಿಟ್ಟವರನ್ನು ಈ ನಾಡು ಕೈಬಿಟ್ಟಿಲ್ಲ ಅಂತ ಅವಳಮ್ಮನಿಗೆ ಗೊತ್ತಾಗಲಿ ಅಂತ ಹೇಳಿದೆ.

ಹಾಗಂತ ಮನಸ್ಸು ಬಂದಾಗಲೆಲ್ಲ ಬಿಡಿ ಅಂತ ನಾನು ಯಾವ ಮಗುವಿಗೂ ಹೇಳುವುದಿಲ್ಲ. ಒಂದು ಸಲದ ನಾಲ್ಕು ತಿಂಗಳಿಗೆ ನಾಲ್ಕು ಮಾತಿನ ವಿವರಣೆ ಸಾಕು. ಸಾಲಾಗಿ ಮೂರು ಕಡೆ ಹಾಗೆ ಆದರೆ ಅದಕ್ಕೆ ಎಷ್ಟು ಜಾಣತನದ ಉತ್ತರ ಕೊಟ್ಟರೂ ಕೆಲಸ ಕೊಡುವವರು ಹಿಂದೆ ಸರಿಯುತ್ತಾರೆ, ಸರಿಯುವುದು ತಪ್ಪೂ ಅಲ್ಲ. ಅದಕ್ಕೇ ಮುಂದಿನದನ್ನು ಅವಸರದಲ್ಲಿ ಒಪ್ಪಿಕೊಳ್ಳಬೇಡ ಅಂದೆ. ಆಫರ್ ಕೈಗೆ ಬಂದಾಗ, ಬೆಳಗ್ಗೆ ಬಂದು ಕೂ‌ತರೆ ಸಂಜೆಯವರೆಗೆ ಏನು ಮಾಡಬೇಕಾಗುತ್ತದೆ ಅಂತ ಕೇಳು. ಸಂಬಳದಲ್ಲಿ ಎಷ್ಟು ಖಾತ್ರಿ, ಎಷ್ಟು ಟಾರ್ಗೆಟ್ಟಿನ ಮೇಲೆ ಅಂತ ಕೇಳು. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದು ನಮ್ಮ ಮಕ್ಕಳ ಹೆದರಿಕೆ ಅಷ್ಟೇ. ನಾವು ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ.

ಕಂಪನಿಯವರೇ ಪ್ರೊಬೆಷನ್ನಿನಲ್ಲಿ ಹೊರಗೆ ಕಳಿಸಿದವರದು ಇದಕ್ಕಿಂತ ಕಷ್ಟದ ಮಾತು. ಅವರಿಗೂ ನಾನು ಹೇಳುವುದು ಅದನ್ನೇ. ಟಾರ್ಗೆಟ್ ಮುಟ್ಟಲಿಲ್ಲ, ಕಳಿಸಿದರು, ಆ ಕೆಲಸ ನನಗೆ ಒಗ್ಗಲಿಲ್ಲ, ಇದು ಒಗ್ಗುತ್ತದೆ ಅನ್ನುವುದಕ್ಕೆ ಇದು ಕಾರಣ ಅಂತ ಹೇಳಿ. ನಾನಾಗಿ ಬಿಟ್ಟೆ ಅಂತ ಹೇಳಿ, ಆಮೇಲೆ ಹಳೆಯ ಕಂಪನಿಯ ಕಾಗದದಲ್ಲಿ ಬೇರೆ ಬರೆದಿದ್ದರೆ ಸಿಕ್ಕ ಕೆಲಸವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ.

ಇಷ್ಟು ಹೊತ್ತು ಮಕ್ಕಳಿಗೆ ಹೇಳಿದ್ದಾಯಿತು. ಸಂದರ್ಶನದ ಮೇಜಿನ ಆ ಕಡೆ ಈಗ ಕೂತಿರುವವರಿಗೂ ಒಂದು ಮಾತು ಇದೆ. ನಿಮ್ಮ ಮುಂದೆ ಬಂದು ಕೂರುವ ಮಗುವಿನ ಮೊದಲ ಕೆಲಸ ನಾಲ್ಕು ತಿಂಗಳಿಗೆ ಮುಗಿದಿದ್ದರೆ, ಯಾಕೆ ಬಿಟ್ಟೆ ಅಂತ ಶುರು ಮಾಡಬೇಡಿ. ಅಲ್ಲಿ ನಿನಗೆ ಏನು ಕೆಲಸ ಕೊಟ್ಟಿದ್ದರು ಅಂತ ಶುರು ಮಾಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ, ಮಗುವಿನ ಕೈ ನಡುಗುವುದೂ ನಿಲ್ಲುತ್ತದೆ. ನಿಮ್ಮ ಕಂಪನಿಯಿಂದ ಬಿಟ್ಟು ಹೋದವರ ರಿಲೀವಿಂಗ್ ಲೆಟರ್ ನಿಮ್ಮ ಮೇಜಿನ ಮೇಲೆ ಸಹಿಗೆ ಕಾಯುತ್ತಿದ್ದರೆ, ದಯವಿಟ್ಟು ಇವತ್ತೇ ಸಹಿ ಹಾಕಿ ಕಳಿಸಿ.